ಹೆಸರು ಗ್ರೀಸಿನದು, ರಸ ಸೀಸೆಯದು

ಹೆಸರೆಂಬುದು ಒಂದು ವಾಗ್ದಾನ. ಒಂದು ಭಕ್ಷ್ಯವನ್ನು ಒಂದು ದೇಶದ ಹೆಸರಿನಿಂದ ಕರೆದು ಅತಿಥಿಯ ಮುಂದಿಟ್ಟವರು, ಆ ದೇಶದ ಜನರು ತಮ್ಮದೆಂದು ಗುರುತಿಸಬಹುದಾದ ಯಾವುದಾದರೊಂದು ಗುಣವನ್ನು ಅದರಲ್ಲಿ ಉಳಿಸಿರಬೇಕೆಂಬುದು ಸಾಮಾನ್ಯ ನ್ಯಾಯ. “ಗ್ರೀಕ್ ಚಿಕನ್ ಸಲಾಡ್” ಎಂಬ ಭಕ್ಷ್ಯದ ವಿಷಯದಲ್ಲಿ ಈ ನ್ಯಾಯಕ್ಕೆ ದಿನದಿನವೂ ಭಂಗವುಂಟಾಗುತ್ತಿದೆ. ಬೇಯಿಸಿದ ಕೋಳಿಯ ನಾಲ್ಕು ತುಂಡು, ಒಂದು ಹಿಡಿ ಲೆಟ್ಯೂಸ್ ಎಲೆ, ಎರಡು ಆಲಿವ್ ಕಾಯಿ, ಇವುಗಳ ಮೇಲೆ ಸೀಸೆಯಿಂದ ಸುರಿದ ಬೆಳ್ಳನೆಯ, ಸಿಹಿಯಾದ, ಮಂದವಾದ ಒಂದು ದ್ರವ. ಇಷ್ಟಾದರೆ ಗ್ರೀಸ್ ದೇಶವೇ ತಟ್ಟೆಗೆ ಇಳಿದುಬಂದಿತೆಂದು ತಿಳಿಯುವ ರೂಢಿ ಹಬ್ಬಿದೆ. ಉಪಾಹಾರಗೃಹದವರು ಹೀಗೆ ಮಾಡಿದರೆ ಅದನ್ನು ವ್ಯಾಪಾರವೆಂದು ಬಿಟ್ಟುಬಿಡಬಹುದು. ವಿದ್ಯಾವಂತರ ಮನೆಗಳೂ ಅದನ್ನೇ ಅನುಕರಿಸುವುದು ವಿಷಾದಕ್ಕೆ ಕಾರಣ. “ಹೆಸರು ಕ್ಷೀರಸಾಗರ, ಮಜ್ಜಿಗೆಗೆ ಗತಿಯಿಲ್ಲ” ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೊದಲು ಮೂಲವಸ್ತುವಿನ ಸ್ವರೂಪವನ್ನು ನೋಡತಕ್ಕದ್ದು. ಗ್ರೀಕರು ತಮ್ಮ ಪ್ರಸಿದ್ಧ ಸಲಾಡನ್ನು “ಹೋರಿಯಾತಿಕಿ” ಎಂದು ಕರೆಯುವರು. ಹಳ್ಳಿಯದು ಎಂದು ಆ ಮಾತಿನ ಅರ್ಥ. ದಪ್ಪದಪ್ಪನಾಗಿ ಹೆಚ್ಚಿದ ಟೊಮೇಟೊ, ಸೌತೆಕಾಯಿ, ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಉಪ್ಪುನೀರಿನಲ್ಲಿ ಹದಗೊಂಡ ಆಲಿವ್ ಕಾಯಿ, ಮೇಲೆ ಒಂದು ಹಲಗೆಯಂತೆ ಇಟ್ಟ ಫೆಟಾ ಚೀಸ್, ಕೈಯಲ್ಲಿ ಉಜ್ಜಿ ಉದುರಿಸಿದ ಒಣ ಓರೆಗಾನೊ, ಧಾರಾಳವಾಗಿ ಆಲಿವ್ ಎಣ್ಣೆ. ಇದೇ ಅದರ ಸರ್ವಸ್ವ. ಲೆಟ್ಯೂಸಿಗೆ ಅಲ್ಲಿ ಸ್ಥಾನವಿಲ್ಲ. ಲೆಟ್ಯೂಸಿನ ಸಲಾಡನ್ನು ಗ್ರೀಕರು ಬೇರೆಯಾಗಿಯೇ ಮಾಡಿ, ಬೇರೆ ಹೆಸರಿನಿಂದಲೇ ಕರೆಯುವರು. ತಟ್ಟೆಯ ತಳದಲ್ಲಿ ಎಣ್ಣೆಯೂ ಟೊಮೇಟೊ ರಸವೂ ಬೆರೆತು ನಿಂತ ದ್ರವವನ್ನು ರೊಟ್ಟಿಯ ಚೂರಿನಿಂದ ಅದ್ದಿ ತಿನ್ನುವುದು ಆ ಊಟದ ಕೊನೆಯ ಸುಖ. ಸೀಸೆಯ ರಸದಿಂದ ತೊಯ್ದ ತಟ್ಟೆಯಲ್ಲಿ ಹಾಗೆ ಅದ್ದಿ ತಿನ್ನಲು ಯಾರಿಗೂ ಮನಸ್ಸಾಗದು.

ಇಲ್ಲಿ ಒಂದು ಪೂರ್ವಪಕ್ಷ ಏಳುವುದು ಸಹಜ: “ಹಳ್ಳಿಯ ಸಲಾಡಿನಲ್ಲಿ ಕೋಳಿಯೇ ಇಲ್ಲ. ಕೋಳಿ ಸೇರಿಸಿದ ಕ್ಷಣವೇ ಅದು ಗ್ರೀಸಿನದಲ್ಲವಾಯಿತು. ಆಮೇಲೆ ಯಾವ ರಸ ಹಾಕಿದರೇನು?” ವಾದವು ಮೇಲುನೋಟಕ್ಕೆ ಬಲವಾಗಿ ತೋರಿದರೂ ನಿಲ್ಲುವಂಥದಲ್ಲ. ಯಾವ ಅಡಿಗೆಯೂ ಹುಟ್ಟಿದಂದಿನಿಂದ ಒಂದೇ ರೂಪದಲ್ಲಿ ನಿಂತಿಲ್ಲ. ಟೊಮೇಟೊ ಅಮೆರಿಕಾಖಂಡದ ಕಾಯಿ. ಯೂರೋಪಿಗೆ ಬಂದುದು 16ನೆಯ ಶತಮಾನದಲ್ಲಿ. ಸಾಕ್ರೆಟೀಸನು ಒಂದು ಟೊಮೇಟೊವನ್ನೂ ಕಂಡವನಲ್ಲ. ಇನ್ನು ಕೋಳಿಯ ಮೂಲವಾದ ಕೆಂಪು ಕಾಡುಕೋಳಿ ದಕ್ಷಿಣ ಮತ್ತು ಆಗ್ನೇಯ ಏಷ್ಯದ ಕಾಡುಗಳದು. ಅದು ಪೂರ್ವದಿಂದ ಬಂದ ಹಕ್ಕಿಯೆಂಬ ನೆನಪು ಗ್ರೀಕರಲ್ಲಿ ಉಳಿದಿತ್ತು, ಕ್ರಿ. ಪೂ. 414ರಲ್ಲಿ ಪ್ರದರ್ಶಿತವಾದ ಅರಿಸ್ಟೋಫನೀಸನ “ಹಕ್ಕಿಗಳು” ಎಂಬ ಪ್ರಹಸನದಲ್ಲಿ ಹುಂಜವು ಪಾರಸಿಕ ಪಕ್ಷಿಯೆನಿಸಿದೆ. ಹೊರಗಿನಿಂದ ಬಂದುದನ್ನು ತಮ್ಮದಾಗಿಸಿಕೊಳ್ಳುವ ಶಕ್ತಿ ಆ ಅಡಿಗೆಗೆ ಎಂದಿನಿಂದಲೂ ಇದೆ. ನಿಂಬೆರಸ, ಆಲಿವ್ ಎಣ್ಣೆ, ಓರೆಗಾನೊಗಳಲ್ಲಿ ನೆನೆಯಿಟ್ಟು ಸುಟ್ಟ ಕೋಳಿ ಗ್ರೀಕರ ಮನೆಮನೆಯ ಊಟ. ಎಣ್ಣೆಯನ್ನೂ ನಿಂಬೆರಸವನ್ನೂ ಕಡೆದು ಮಾಡುವ “ಲಾದೋಲೆಮೊನೊ” ಅವರ ಮನೆಮನೆಯ ರಸ. ಈ ಕೋಳಿಯನ್ನು ಆ ತರಕಾರಿಯ ಮೇಲಿಟ್ಟು ಈ ರಸವನ್ನು ಹಾಕಿದರೆ, ಜೋಡಣೆ ಹೊಸದಾದರೂ ಜಾತಿ ಕೆಡುವುದಿಲ್ಲ. ಜೋಡಿಸುವ ಸೂತ್ರ ಆ ರಸವೇ. ಅದನ್ನು ಕಿತ್ತೊಗೆದ ಮೇಲೆ ಉಳಿಯುವುದು ಹೆಚ್ಚಿದ ತರಕಾರಿ ಮತ್ತು ಬೆಂದ ಮಾಂಸ.

ಸಾಹಿತ್ಯಪ್ರಿಯರಿಗೆ ಈ ನ್ಯಾಯ ಹೊಸದಲ್ಲ. ಬಿ. ಎಂ. ಶ್ರೀಕಂಠಯ್ಯನವರು ಈಸ್ಕಿಲಸನ ನಾಟಕವನ್ನು ಕನ್ನಡಿಸಿದಾಗ ಮೂಲದ ಹೆಸರನ್ನೇ ಉಳಿಸಿ “ಪಾರಸಿಕರು” ಎಂದರು. ಸೊಫೊಕ್ಲೀಸನ “ಅಜಾಕ್ಸ್” ನಾಟಕದ ಅಚ್ಚಿನಲ್ಲಿ ಮಹಾಭಾರತದ ವೀರನನ್ನು ಎರಕಹೊಯ್ದಾಗ ಅದಕ್ಕೆ “ಅಶ್ವತ್ಥಾಮನ್” ಎಂದು ಬೇರೆ ಹೆಸರಿಟ್ಟರು. ಅನುವಾದಕ್ಕೆ ಮೂಲದ ಹೆಸರು, ರೂಪಾಂತರಕ್ಕೆ ಹೊಸ ಹೆಸರು: ಇದು ಪ್ರಾಮಾಣಿಕತೆಯ ಮಾರ್ಗ. ಪುಸ್ತಕದ ವಿಷಯದಲ್ಲಿ ಇಷ್ಟು ಸೂಕ್ಷ್ಮವನ್ನು ಬಯಸುವ ಮನೆಗಳು ಊಟದ ತಟ್ಟೆಯ ವಿಷಯದಲ್ಲಿ ಅದನ್ನು ಕೈಬಿಡಲು ಕಾರಣವಿಲ್ಲ.

ಎರಡನೆಯ ಪೂರ್ವಪಕ್ಷ: “ಸೀಸೆಯಲ್ಲಿರುವುದೂ ಎಣ್ಣೆ ಮತ್ತು ಹುಳಿಯೇ ಅಲ್ಲವೆ?” ಸೀಸೆಯ ಬೆನ್ನಿನ ಚೀಟಿಯನ್ನು ಓದಿದವರು ಈ ಪ್ರಶ್ನೆಯನ್ನು ಕೇಳಲಾರರು. ಎಷ್ಟೋ ಸೀಸೆಗಳಲ್ಲಿ ನೀರು, ಅಗ್ಗದ ಎಣ್ಣೆ, ಸಕ್ಕರೆ, ಕ್ಸಾಂಥನ್ ಗೋಂದು ಇವೇ ಮುಖ್ಯ. ಮುಂಬದಿಯ ಚಿತ್ರದಲ್ಲಿ ಹೊಳೆಯುವ ಆಲಿವ್ ಒಳಗೆ ನಾಮಮಾತ್ರಕ್ಕೆ ಇದ್ದರೆ ಇದ್ದೀತು. ಈ ಗೋಂದಿನ ಕೆಲಸವನ್ನು ತಿಳಿದರೆ ಸೀಸೆಯ ಮರ್ಮವೆಲ್ಲ ತಿಳಿದಂತೆ. ಎಣ್ಣೆಯೂ ನೀರೂ ಸಹಜವಾಗಿ ಕೂಡುವುದಿಲ್ಲ. ಕಡೆದಾಗ ಎಣ್ಣೆಯು ಅತಿ ಸಣ್ಣ ಹನಿಗಳಾಗಿ ಒಡೆದು ಹುಳಿಯಲ್ಲಿ ಹರಡುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಬೇರೆಯಾಗುತ್ತದೆ. ಮನೆಯಲ್ಲಿ ಅರ್ಧ ಚಮಚ ಸಾಸಿವೆಯನ್ನು ಸೇರಿಸಿದರೆ ಊಟ ಮುಗಿಯುವವರೆಗೆ ಕೂಡಿಕೊಂಡಿರುತ್ತದೆ. ಮನೆಗೆ ಅಷ್ಟು ಸಾಕು. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಬೇರೆಯಾಗದೆ ನಿಲ್ಲಬೇಕಾದುದು ವ್ಯಾಪಾರಿಯ ಅಗತ್ಯ, ಉಣ್ಣುವವನದಲ್ಲ. ಆ ಅಗತ್ಯಕ್ಕಾಗಿ ಗೋಂದು. ಗೋಂದಿನ ಮಂದತೆಯಲ್ಲಿ ಮಂಕಾದ ರುಚಿಯನ್ನು ಎತ್ತಲು ಸಕ್ಕರೆ. ಸೀಸೆಯ ರಸ ವಿಷವೆಂದು ಯಾರೂ ಹೇಳಬೇಕಾಗಿಲ್ಲ. ಅದು ಬೇರೆಯೊಂದು ಪ್ರಯೋಜನಕ್ಕಾಗಿ ಹುಟ್ಟಿದ ವಸ್ತುವೆಂದರೆ ಸಾಕು.

ಈ ಜಗಳವನ್ನು ಗ್ರೀಕರೇ ಸುಮಾರು 2300 ವರ್ಷಗಳ ಹಿಂದೆ ಆಡಿ ಮುಗಿಸಿದ್ದಾರೆ. ಸಿಸಿಲಿಯ ಗೆಲಾ ಪಟ್ಟಣದ ಆರ್ಕೆಸ್ಟ್ರಾಟಸ್ ಎಂಬ ಕವಿ ಕ್ರಿ. ಪೂ. 4ನೆಯ ಶತಮಾನದಲ್ಲಿ ಊಟದ ವಿಷಯವಾಗಿಯೇ ಒಂದು ಕಾವ್ಯವನ್ನು ಬರೆದನು. ಅದರ ತುಣುಕುಗಳು ಅಥೀನಿಯಸನ ಗ್ರಂಥದಲ್ಲಿ ಉಳಿದಿವೆ. ಒಳ್ಳೆಯ ಮೀನಿನ ಮೇಲೆ ಚೀಸನ್ನೂ ವಿನೆಗರನ್ನೂ ಸುರಿದು ಕೆಡಿಸುವ ಸಿರಕ್ಯೂಸಿನ ಅಡಿಗೆಯವರನ್ನು ಹತ್ತಿರಕ್ಕೂ ಸೇರಿಸಬಾರದೆಂಬುದು ಅವನ ಕಟುವಾದ ಬುದ್ಧಿವಾದ. ಒಳ್ಳೆಯ ಪದಾರ್ಥಕ್ಕೆ ಕಡಮೆ ಮುಚ್ಚಿಗೆ ಸಾಕೆಂಬ ಈ ತತ್ತ್ವವು ಗ್ರೀಕ್ ಅಡಿಗೆಯ ಬೆನ್ನೆಲುಬು.

ಮೂರನೆಯ ಪೂರ್ವಪಕ್ಷವು ವೇಳೆಯದು. “ಯಾರಿಗೆ ಪುರಸತ್ತಿದೆ?” ಎನ್ನುವವರು ಗಡಿಯಾರವನ್ನು ಎದುರಿಗಿಟ್ಟುಕೊಂಡು ಒಮ್ಮೆ ಮಾಡಿನೋಡಬೇಕು. ನಾಲ್ವರಿಗೆ ಮೂಳೆ ತೆಗೆದ ಕೋಳಿ 500 ಗ್ರಾಂ ಸಾಕು. ಎರಡು ದೊಡ್ಡ ಚಮಚ ಆಲಿವ್ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಚಮಚ ಓರೆಗಾನೊ, ಉಪ್ಪು, ಮೆಣಸಿನಪುಡಿ ಇವುಗಳಲ್ಲಿ ಅದನ್ನು ಅರ್ಧ ಗಂಟೆ ತಂಪಿನಲ್ಲಿ ನೆನೆಯಿಡುವುದು. ಇಲ್ಲಿ ಮೆಣಸು ಎಂದರೆ ಕಾಳುಮೆಣಸು. ಬಳಿಕ ಚೆನ್ನಾಗಿ ಕಾದ ಕಾವಲಿಯ ಮೇಲೆ ಎರಡೂ ಮಗ್ಗುಲನ್ನು ಬೇಯಿಸಬೇಕು; ಅತಿ ದಪ್ಪವಾದ ಭಾಗದ ಒಳಗೆ ಶಾಖವು 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಇಳಿಸಿದ ಕೂಡಲೆ ಹೆಚ್ಚಿದರೆ ರಸವೆಲ್ಲ ಹಲಗೆಗೆ ಹರಿದುಹೋಗುವುದರಿಂದ ಐದು ನಿಮಿಷ ಬಿಟ್ಟು ಹೆಚ್ಚತಕ್ಕದ್ದು. ಹಸಿಮಾಂಸ ನೆನೆದ ರಸವನ್ನು ಎಂದಿಗೂ ಸಲಾಡಿನ ಮೇಲೆ ಹಾಕಕೂಡದು, ಅದರಲ್ಲಿ ರೋಗಾಣುಗಳಿರಬಹುದು. ಆದುದರಿಂದ ಡ್ರೆಸಿಂಗನ್ನು ಬೇರೆಯಾಗಿಯೇ ಮಾಡಬೇಕು.

ಅದರ ಕ್ರಮವಾದರೂ ಎಷ್ಟು? ಎರಡು ದೊಡ್ಡ ಚಮಚ ನಿಂಬೆರಸದಲ್ಲಿ ಮೊದಲು ಉಪ್ಪನ್ನು ಕರಗಿಸಬೇಕು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲವಾದುದರಿಂದ ಈ ಅನುಕ್ರಮ ಮುಖ್ಯ. ಫೆಟಾ ತಾನೇ ಉಪ್ಪಾಗಿರುವ ಕಾರಣ ಉಪ್ಪಿನಲ್ಲಿ ಕೈ ಹಿಡಿತವಿರಲಿ. ಅದಕ್ಕೆ ಅರೆದ ಸಾಸಿವೆ ಅರ್ಧ ಸಣ್ಣ ಚಮಚ, ಅಂಗೈಯಲ್ಲಿ ಉಜ್ಜಿದ ಓರೆಗಾನೊ, ಚೂರು ಬೆಳ್ಳುಳ್ಳಿ, ಕಾಳುಮೆಣಸಿನಪುಡಿ ಸೇರಿಸಿ, ಆರು ದೊಡ್ಡ ಚಮಚ ಆಲಿವ್ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತ ಕಡೆಯುವುದು. ಐದು ನಿಮಿಷದ ಕೆಲಸ. ಬಡಿಸುವ ಸಮಯದಲ್ಲಿಯೇ ಇದನ್ನು ಹಾಕಬೇಕು. ಮುಂಚೆ ಹಾಕಿದರೆ ಉಪ್ಪು ಸೌತೆಕಾಯಿಯ ನೀರನ್ನೆಲ್ಲ ಹೊರಕ್ಕೆಳೆಯುತ್ತದೆ. ಕೋಸಂಬರಿಗೆ ಉಪ್ಪನ್ನು ಕೊನೆಯಲ್ಲಿ ಹಾಕಬೇಕೆಂದು ಬಲ್ಲ ಗೃಹಿಣಿಗೆ ಈ ಪಾಠ ಹೊಸದಾಗಿ ಬೇಕಿಲ್ಲ. ಹಸಿಬೆಳ್ಳುಳ್ಳಿ ಬೆರೆತ ಎಣ್ಣೆಯನ್ನು ದಿನಗಟ್ಟಲೆ ಹೊರಗಿಡುವುದು ಅಪಾಯಕರ; ಅಂದಿನದು ಅಂದಿಗೆ ಮುಗಿಯಲಿ.

ನಾಲ್ಕನೆಯದಾಗಿ ವೆಚ್ಚದ ಮಾತು. ಫೆಟಾ ಬೆಲೆಯುಳ್ಳ ವಸ್ತುವೆಂಬುದು ನಿಜ. ಅದಕ್ಕೆ ಕಾರಣವೂ ಇದೆ. ಯೂರೋಪಿಯನ್ ಒಕ್ಕೂಟವು 2002ರಲ್ಲಿ ನೋಂದಾಯಿಸಿದ ನಿಯಮದಂತೆ ಫೆಟಾ ಎಂಬ ಹೆಸರು ಗ್ರೀಸಿನ ಮುಖ್ಯಭೂಮಿಯಲ್ಲಿಯೂ ಲೆಸ್ಬಾಸಿನಲ್ಲಿಯೂ ಮಾಡಿದ ಚೀಸಿಗೆ ಮಾತ್ರ ಸಲ್ಲುತ್ತದೆ. ಹಾಲು ಕುರಿಯದಾಗಿರಬೇಕು, ಆಡಿನ ಹಾಲು ನೂರಕ್ಕೆ 30ನ್ನು ಮೀರಕೂಡದು. ಡೆನ್ಮಾರ್ಕ್, ಜರ್ಮನಿ ದೇಶಗಳು ಇದನ್ನು ವಿರೋಧಿಸಿ ದಾವೆ ಹೂಡಿ 2005ರಲ್ಲಿ ಸೋತವು. ಒಕ್ಕೂಟದ ಹೊರಗಿನ ದೇಶಗಳಿಗೆ ಆ ಹೆಸರಿನಲ್ಲಿ ಚೀಸ್ ಕಳುಹಿಸುವುದನ್ನು ತಡೆಯದೆ ಡೆನ್ಮಾರ್ಕ್ ತನ್ನ ಕರ್ತವ್ಯದಲ್ಲಿ ತಪ್ಪಿತೆಂದು 2022ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ಒಂದು ಹೆಸರಿಗಾಗಿ ಇಷ್ಟು ವರ್ಷ ಹೋರಾಡಿದುದನ್ನು ನೋಡಿ ನಗುವವರು, ಆ ಹೆಸರಿನ ಹಿಂದೆ ಒಣಗುಡ್ಡಗಳಲ್ಲಿ ಕುರಿ ಮೇಯಿಸುವ ಕುಟುಂಬಗಳ ಜೀವನವಿದೆಯೆಂಬುದನ್ನು ಮರೆಯುತ್ತಾರೆ. ಫೆಟಾ ಕೊಳ್ಳಲು ಶಕ್ತಿಯಿಲ್ಲದವರು ಪನ್ನೀರನ್ನು ಉಪ್ಪುನೀರಿನಲ್ಲಿ ನೆನೆಯಿಟ್ಟು ಹಾಕಿಕೊಳ್ಳಲಿ. ಅದರಲ್ಲಿ ಅವಮಾನವೇನೂ ಇಲ್ಲ. ಅದನ್ನು ಪನ್ನೀರೆಂದು ಕರೆಯಲಿ. ವೆಚ್ಚ ಮಾಡುವುದಾದರೆ ಎಣ್ಣೆಗೆ ಮಾಡಲಿ: ಬೆಂಕಿ ಕಾಣದ ಈ ರಸದಲ್ಲಿ ಎಣ್ಣೆಯ ದೋಷವನ್ನು ಮರೆಸುವ ಉಪಾಯವಿಲ್ಲ. ಆಮ್ಲತೆ ನೂರಕ್ಕೆ 0.8ನ್ನು ಮೀರದ “ಎಕ್ಸ್‌ಟ್ರಾ ವರ್ಜಿನ್” ದರ್ಜೆಯದೇ ಇದಕ್ಕೆ ತಕ್ಕುದು.

ಕೊನೆಗೆ ಆರೋಗ್ಯದ ಹೆಸರಿನಲ್ಲಿ ಈ ಸಲಾಡನ್ನು ತಿನ್ನುವವರಿಗೆ ಒಂದು ಮಾತು. ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಕ್ರೀಟ್ ದ್ವೀಪದ ಗಂಡಸರಲ್ಲಿ ಹೃದ್ರೋಗದ ಮರಣ ಬಹಳ ಕಡಮೆಯಾಗಿ ಕಂಡಿತು. ಅವರ ಊಟದ ಮುಖ್ಯ ಜಿಡ್ಡು ಆಲಿವ್ ಎಣ್ಣೆ. ಗ್ರೀಸಿನ ಊಟಕ್ಕೆ ಲೋಕದಲ್ಲಿ ಬಂದ ಕೀರ್ತಿಗೆ ಅದು ದೊಡ್ಡ ಆಧಾರ. ಎಣ್ಣೆಯನ್ನು ತೆಗೆದು, ಸಕ್ಕರೆ ಬೆರೆತ ಗೋಂದುನೀರನ್ನು ಸುರಿದು, ಕ್ರೀಟಿನ ರೈತನ ಆಯುಸ್ಸನ್ನು ಬಯಸುವುದು ಯಾವ ತರ್ಕ?

ಅಥೆನ್ಸಿನ ಯಾವನಾದರೊಬ್ಬ ವ್ಯಾಪಾರಿ ಹೆಸರುಬೇಳೆಗೆ ಸೀಸೆಯ ರಸವನ್ನು ಸುರಿದು “ಕನ್ನಡಿಗರ ಕೋಸಂಬರಿ” ಎಂದು ಮಾರಿದರೆ ಕನ್ನಡದ ಮನೆಗಳು ಸುಮ್ಮನಿರವು. ತಮಗೆ ಬೇಕಾದ ನ್ಯಾಯವನ್ನು ಪರರಿಗೂ ಸಲ್ಲಿಸುವುದು ಸಜ್ಜನಿಕೆ. ಕಲಿತರೆ ಐದು ನಿಮಿಷದ ಆ ವಿದ್ಯೆ ಮಕ್ಕಳ ಕೈಗೂ ಬರುತ್ತದೆ. ಕೊಂಡರೆ ಸೀಸೆ ಮುಗಿದಂದು ಅದೂ ಮುಗಿಯುತ್ತದೆ. ನಿಂಬೆಹಣ್ಣು, ಸಾಸಿವೆ, ಬೆಳ್ಳುಳ್ಳಿ ಈಗಾಗಲೇ ಅಡಿಗೆಮನೆಯಲ್ಲಿವೆ. ಬೇಕಾಗಿರುವುದು ಒಳ್ಳೆಯ ಎಣ್ಣೆ ಮತ್ತು ಕಡೆಯುವ ಕೈ. ಅಷ್ಟೂ ಆಗದವರು ಸೀಸೆಯನ್ನೇ ಸುರಿದುಕೊಂಡು ಉಣ್ಣಲಿ. ಗ್ರೀಸಿನ ಹೆಸರನ್ನು ಮಾತ್ರ ಬಿಟ್ಟುಕೊಡಲಿ.