ಗೆರೆ ಎಳೆಯುವ ಮುನ್ನ

ಬಾದಾಮಿಯ ಗುಹಾದೇವಾಲಯಗಳ ಮುಂದೆ ನಿಂತು ಕೆಳಗೆ ನೋಡಿದವರಿಗೆ ಮೂರು ಸಂಗತಿಗಳು ಒಮ್ಮೆಗೇ ಕಣ್ಣಿಗೆ ಬೀಳುತ್ತವೆ. ಎದುರಿಗೆ ಕೆಂಪು ಮರಳುಗಲ್ಲಿನ ಬೆಟ್ಟ. ಎರಡು ಬೆಟ್ಟಗಳ ನಡುವೆ ಅಗಸ್ತ್ಯತೀರ್ಥದ ಹಸಿರು ನೀರು. ಅದರ ದಂಡೆಯಿಂದ ಮೊದಲಾಗಿ ಹಬ್ಬಿಕೊಂಡಿರುವ ಊರು. ಮೂರನೆಯ ಗುಹೆಯಲ್ಲಿರುವ ಶಾಸನವು ಕ್ರಿ. ಶ. 578ರದು. ಅಂದಿನಿಂದ ಇಂದಿನವರೆಗೆ ಅರಸರು ಬಂದರು, ಹೋದರು. ಕೋಟೆ ಕೈಯಿಂದ ಕೈಗೆ ಸಾಗಿತು. ಬೆಟ್ಟದ ಅಡಿಯಲ್ಲಿ ಒಲೆ ಹಚ್ಚುವ, ಕೆರೆಯಲ್ಲಿ ಬಟ್ಟೆ ಒಗೆಯುವ ಜನಜೀವನ ಮಾತ್ರ ನಡೆದೇ ಬಂದಿದೆ.

ಈ ಮೂರರಲ್ಲಿ ಯಾವುದನ್ನು ಉಳಿಸಬೇಕೆಂದು ಯಾರಾದರೂ ಕೇಳಿದರೆ, ಮೂರನ್ನೂ ಉಳಿಸಬೇಕೆಂದೇ ನಾವು ಉತ್ತರಿಸುತ್ತೇವೆ. ಉತ್ತರ ಸುಲಭ, ಕೆಲಸ ಕಠಿಣ. ಉಳಿಸುವ ಕೆಲಸವು ಭೂಪಟದ ಮೇಲೆ ಒಂದು ಗೆರೆಯನ್ನು ಎಳೆಯುವುದರಿಂದ ಆರಂಭವಾಗುತ್ತದೆ. ಗೆರೆಯ ಒಳಗಿನ ನೆಲಕ್ಕೆ ಒಂದು ನಿಯಮ, ಹೊರಗಿನ ನೆಲಕ್ಕೆ ಇನ್ನೊಂದು. ಆ ಗೆರೆಯನ್ನು ಎಲ್ಲಿ ಎಳೆಯಬೇಕು, ಅದರ ಒಳಗೆ ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಎಂಬುದನ್ನು ನಿರ್ಧರಿಸುವಾಗ ಅಲ್ಲಿ ಬಾಳುವವರನ್ನು ಕೇಳಬೇಕೇ? ಕೇಳಬೇಕಾದರೆ ಹೇಗೆ ಕೇಳಬೇಕು? ಇದೇ ಈ ಲೇಖನದ ಪ್ರಶ್ನೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗೆರೆ ಬೇಕೇ ಬೇಕು. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಪುರಾತನ ಗುಡಿಗಳಿವೆ. ಮೇಗುಟಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ರಚಿಸಿದ ಕ್ರಿ. ಶ. 634ರ ಶಾಸನವಿದೆ. ಪಟ್ಟದಕಲ್ಲಿನ ದೇವಾಲಯ ಸಮೂಹವು 1987ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಇಂತಹ ಕಟ್ಟಡಗಳ ಪಕ್ಕದಲ್ಲಿಯೇ ಬಹುಮಹಡಿಯ ವಸತಿಗೃಹಗಳು ಎದ್ದರೆ, ಅಡಿಪಾಯಕ್ಕಾಗಿ ಸಿಡಿಮದ್ದು ಹಾರಿಸಿದರೆ, ಶತಮಾನಗಳ ಮಳೆ ಗಾಳಿಗಳನ್ನು ತಡೆದುಕೊಂಡ ಕಲ್ಲು ನಮ್ಮ ಒಂದು ತಲೆಮಾರಿನ ಆತುರವನ್ನು ತಡೆದುಕೊಳ್ಳಲಾರದು. ಕಳೆದುಹೋದ ಶಾಸನವನ್ನು ಯಾವ ಹಣವೂ ಮರಳಿ ಕೆತ್ತಿಸಲಾರದು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯು ಕೋಟೆಯ ನಾಡಿನವರಾದ ನಮಗೆ ಚೆನ್ನಾಗಿ ತಿಳಿದಿರಬೇಕು.

ಆದುದರಿಂದಲೇ ನಮ್ಮ ಸಂಸತ್ತು 1958ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯಿದೆಯನ್ನು ರೂಪಿಸಿತು. 2010ರ ತಿದ್ದುಪಡಿಯು ಅದಕ್ಕೆ ಇನ್ನಷ್ಟು ಬಿಗಿಯನ್ನು ತಂದಿತು. ಅದರಂತೆ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ; ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಕಟ್ಟಡ ಎಷ್ಟು ಎತ್ತರವಿರಬೇಕು, ಮಾಡು ಹೇಗಿರಬೇಕು, ಗೋಡೆಗೆ ಯಾವ ಬಣ್ಣವಿರಬೇಕು ಎಂಬ ವಿವರಗಳನ್ನು ಆಯಾ ಸ್ಮಾರಕಕ್ಕೆ ತಕ್ಕಂತೆ ಉಪವಿಧಿಗಳು ಹೇಳುತ್ತವೆ.

ಕಾಗದದ ಮೇಲೆ ಇದು ಅಚ್ಚುಕಟ್ಟಾಗಿದೆ. ಆದರೆ ಒಂದು ಗುಡಿಯ ಸುತ್ತ ನೂರು ಮೀಟರ್ ಅಳೆಯುವುದು ಬೇರೆ. ಗುಡಿಗಳ ನಡುವೆಯೇ ಊರಿರುವಲ್ಲಿ ಅಳೆಯುವುದು ಬೇರೆ. ಐಹೊಳೆಯಂತಹ ಕಡೆ ವೃತ್ತಗಳು ಒಂದರ ಮೇಲೊಂದು ಬಿದ್ದು ಓಣಿಗೆ ಓಣಿಯನ್ನೇ ಆವರಿಸುತ್ತವೆ. ಅಲ್ಲಿ ಜನರು ಗುಡಿಗಳ ನೆರೆಯವರಷ್ಟೇ ಅಲ್ಲ, ಒಂದು ಕಾಲದಲ್ಲಿ ಗುಡಿಗಳ ಒಳಗೇ ಇದ್ದವರು. ಲಾಡ್‌ಖಾನ್ ಗುಡಿಯು ತನ್ನಲ್ಲಿ ವಾಸವಾಗಿದ್ದವನ ಹೆಸರನ್ನೇ ಇಂದಿಗೂ ಹೊತ್ತಿದೆ. ಗೌಡರ ಗುಡಿ, ಬಡಿಗೇರ ಗುಡಿ ಎಂಬ ಹೆಸರುಗಳೂ ಊರವರ ಬಾಯಿಂದಲೇ ಬಂದವು. ಅಂದರೆ ಈ ಸ್ಮಾರಕಗಳ ಹೆಸರಿನಲ್ಲಿಯೇ ಜನಜೀವನದ ಗುರುತು ಉಳಿದಿದೆ.

ಅಂತಹ ಓಣಿಯಲ್ಲಿ ಬಾಳುವ ಒಬ್ಬ ನೇಕಾರನನ್ನು ಊಹಿಸಿಕೊಳ್ಳೋಣ. ಮನೆಯ ಪಡಸಾಲೆಯಲ್ಲಿ ಕುಣಿಮಗ್ಗ. ಅದರ ಪಕ್ಕದಲ್ಲಿಯೇ ಅಡುಗೆ, ಊಟ, ನಿದ್ರೆ. ಮಗನಿಗೆ ಮದುವೆಯಾಗಿದೆ, ಇನ್ನೊಂದು ಕೋಣೆ ಬೇಕು. ಮಳೆಗಾಲದಲ್ಲಿ ಮಣ್ಣಿನ ಮಾಳಿಗೆ ಸೋರುತ್ತದೆ. ಗುಡಿಯನ್ನು ಕೆಡಿಸಬೇಕೆಂಬ ಬಯಕೆ ಅವನಿಗಿಲ್ಲ. ಅವನ ಅಜ್ಜ ಆ ಗುಡಿಯ ಕಟ್ಟೆಯ ಮೇಲೆಯೇ ಆಡಿ ಬೆಳೆದವನು. ಆದರೆ ಅನುಮತಿಯ ಅರ್ಜಿ ಎಲ್ಲಿಗೆ ಕೊಡಬೇಕು, ಯಾವ ಕಾಗದ ಜೋಡಿಸಬೇಕು ಎಂಬುದು ಅವನಿಗೆ ಗೊತ್ತಿಲ್ಲ. ತನ್ನ ಊರಿನ ನಿಯಮದ ಕರಡು ಎಂದು ಪ್ರಕಟವಾಯಿತೆಂಬುದೂ ತಿಳಿಯಲಿಲ್ಲ. ಅವನ ಕಣ್ಣಿಗೆ ಆ ಗುಡಿ ಈಗ ಅಜ್ಜನ ಕಾಲದ ಗುಡಿಯಾಗಿ ಉಳಿದಿಲ್ಲ. ಮನೆಗೆ ಅಡ್ಡ ನಿಂತ ಕಲ್ಲಾಗಿದೆ. ಪರಂಪರೆಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಕಾವಲುಗಾರರನ್ನು ಎಷ್ಟೇ ನೇಮಿಸಿದರೂ ಊರಿನ ಪ್ರೀತಿ ತಪ್ಪಿದ ಸ್ಮಾರಕವನ್ನು ಕಾಯುವುದು ಕಷ್ಟ.

ನಮ್ಮ ಕಾನೂನುಗಳು ಜನರನ್ನು ಕೇಳಬಾರದೆಂದು ಹೇಳುವುದಿಲ್ಲ; ಕೇಳಬೇಕೆಂದೇ ಹೇಳುತ್ತವೆ. ಸ್ಮಾರಕಗಳ ಉಪವಿಧಿಗಳ ಕರಡನ್ನು ಪ್ರಕಟಿಸಿ ಆಕ್ಷೇಪಣೆ ಮತ್ತು ಸಲಹೆಗಳಿಗೆ 30 ದಿನಗಳ ಅವಧಿ ಕೊಡುವುದು ವಾಡಿಕೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1961ರ ಮೇರೆಗೆ ಒಂದು ಊರಿನ ಮಹಾಯೋಜನೆಯನ್ನು ಸಿದ್ಧಪಡಿಸುವ ಪ್ರಾಧಿಕಾರವು ಅದನ್ನು ಪ್ರಕಟಿಸಬೇಕು. 60 ದಿನಗಳ ಒಳಗೆ ಯಾವ ನಾಗರಿಕನು ಬರೆದು ತಿಳಿಸಿದರೂ ಆ ಅಭಿಪ್ರಾಯವನ್ನು ಪರಿಶೀಲಿಸಬೇಕು.

ಕಾಡು ಮೇಡುಗಳ ವಿಷಯವೂ ಹೀಗೆಯೇ. ನಮ್ಮ ಜಿಲ್ಲೆಯ ಬೀಳಗಿ, ಮುಧೋಳ ತಾಲೂಕುಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ಸುಮಾರು 96 ಚದರ ಕಿಲೋಮೀಟರ್ ವಿಸ್ತಾರದ ಈ ಕುರುಚಲು ಕಾಡು ಮಲೆನಾಡಿನ ಕಣ್ಣಿಗೆ ಬರಡು ನೆಲದಂತೆ ತೋರಬಹುದು. ಆದರೆ ನೀರು ಸಿಗದ ದಿನಗಳಲ್ಲಿ ಎಲೆಯ ತೇವದಿಂದಲೇ ಬದುಕಬಲ್ಲ ಚಿಂಕಾರಕ್ಕೆ ಅದೇ ತವರು. ಇಂತಹ ಧಾಮಗಳ ಸುತ್ತ ಪರಿಸರ ಸೂಕ್ಷ್ಮ ವಲಯವನ್ನು ಗೊತ್ತುಪಡಿಸುವಾಗ ಕೇಂದ್ರ ಸರ್ಕಾರವು ಕರಡನ್ನು ರಾಜಪತ್ರದಲ್ಲಿ ಪ್ರಕಟಿಸಿ 60 ದಿನ ಕಾಯುತ್ತದೆ. ಆ ವಲಯದಲ್ಲಿ ಬೇಸಾಯ ನಡೆಯಬಹುದು, ಕಲ್ಲುಗಣಿ ನಡೆಯುವಂತಿಲ್ಲ ಎಂಬಂತಹ ನಿಯಮಗಳು ಬರುತ್ತವೆ. ಕುರಿಗಾರನಿಗೂ ಒಕ್ಕಲಿಗನಿಗೂ ಕಲ್ಲುಕುಟಿಗನಿಗೂ ಆ ಅರವತ್ತು ದಿನಗಳು ಅಮೂಲ್ಯವಾದವು.

ಹಾಗಾದರೆ ಕೊರತೆ ಎಲ್ಲಿದೆ? ಕೇಳುವ ರೀತಿಯಲ್ಲಿದೆ. ರಾಜಪತ್ರವು ಕುರಿಹಟ್ಟಿಗೆ ಬರುವುದಿಲ್ಲ. ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಕರಡು, ಅದನ್ನು ಓದಲಾರದವನ ಪಾಲಿಗೆ ಪ್ರಕಟವಾಗದ ಕರಡೇ ಸರಿ. ಮೌನವು ಸಮ್ಮತಿಯ ಲಕ್ಷಣವೆನ್ನುತ್ತಾರೆ. ಕೇಳಿಸಿಕೊಂಡು ಸುಮ್ಮನಿದ್ದವನ ಮೌನಕ್ಕೆ ಆ ಮಾತು ಒಪ್ಪುತ್ತದೆ. ಪ್ರಶ್ನೆಯೇ ಕಿವಿಗೆ ಬೀಳದವನ ಮೌನಕ್ಕೆ ಒಪ್ಪುವುದಿಲ್ಲ.

ಈ ಕೊರತೆಯನ್ನು ನ್ಯಾಯಾಲಯಗಳೂ ಗುರುತಿಸಿವೆ. 2020ರಲ್ಲಿ ಕೇಂದ್ರ ಸರ್ಕಾರವು ಪರಿಸರ ಪರಿಣಾಮದ ಅಂದಾಜಿಗೆ ಸಂಬಂಧಿಸಿದ ಹೊಸ ನಿಯಮಗಳ ಕರಡನ್ನು ಹೊರಡಿಸಿತು. ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು ಜೂನ್ 30ರಂದು ಆದೇಶಿಸಿ, ಅಭಿಪ್ರಾಯ ತಿಳಿಸುವ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಆ ಆಗಸ್ಟಿನಲ್ಲಿಯೇ ಕರ್ನಾಟಕ ಉಚ್ಚ ನ್ಯಾಯಾಲಯವು, ಕರಡಿಗೆ ಜನರ ಭಾಷೆಯಲ್ಲಿ ತಕ್ಕ ಪ್ರಚಾರ ದೊರೆತಿಲ್ಲವೆಂಬ ದೂರನ್ನು ಆಲಿಸಿ, ಅಂತಿಮ ಅಧಿಸೂಚನೆಯನ್ನು ಹೊರಡಿಸದಂತೆ ತಾತ್ಕಾಲಿಕವಾಗಿ ತಡೆಯಿತು. ಇದು ಹೊಸ ವಿಚಾರವೇನೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು, ವನ್ಯಧಾಮಕ್ಕಾಗಿ ಜನರ ಹಕ್ಕುಗಳನ್ನು ವಿಚಾರಿಸಬೇಕಾದಾಗ, ಆ ನೆಲದ ಮತ್ತು ಅದರ ಆಸುಪಾಸಿನ ಪ್ರತಿಯೊಂದು ಊರಿನಲ್ಲಿಯೂ ಪ್ರಾದೇಶಿಕ ಭಾಷೆಯಲ್ಲಿ ಸಾರಬೇಕೆಂದು ಆಗಲೇ ವಿಧಿಸಿದೆ. ಅರ್ಧ ಶತಮಾನದ ಹಿಂದಿನ ಆ ವಿವೇಕ ಎಲ್ಲ ನಿಯಮಗಳಿಗೂ ಹರಡಬೇಕಾಗಿದೆ.

ಇಲ್ಲಿ ಕೆಲವರು ಆಕ್ಷೇಪವೆತ್ತಬಹುದು: “ಸ್ಮಾರಕದ ಆಯುಷ್ಯ, ಕಾಡಿನ ಕ್ಷೇಮ ಇವೆಲ್ಲ ತಜ್ಞರು ನಿರ್ಧರಿಸಬೇಕಾದ ವಿಷಯಗಳು. ಜನರನ್ನು ಕೇಳಿದರೆ ಪ್ರತಿಯೊಬ್ಬನೂ ತನ್ನ ಹೊಲವನ್ನು ಬಿಟ್ಟು ಗೆರೆ ಎಳೆಯಿರಿ ಎನ್ನುತ್ತಾನೆ.” ಈ ಮಾತಿನಲ್ಲಿ ಸತ್ಯಾಂಶವಿದೆ. ಸ್ವಾರ್ಥವು ಸಭೆಗೆ ಬಾರದೆ ಇರುವುದಿಲ್ಲ. ಆದರೆ ಸಭೆಗೆ ಬಂದ ಸ್ವಾರ್ಥಕ್ಕೆ ಉತ್ತರ ಕೊಡಬಹುದು; ಮುಚ್ಚಿದ ಬಾಗಿಲ ಹಿಂದೆ ಕೆಲಸ ಮಾಡುವ ಸ್ವಾರ್ಥಕ್ಕೆ ಉತ್ತರ ಕೊಡುವವರು ಯಾರು? ಅಲ್ಲದೆ ತಜ್ಞರ ತಿಳಿವು ದೊಡ್ಡದಾದರೂ ಎಲ್ಲವನ್ನೂ ಬಲ್ಲದ್ದಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತು. ಹೊಳೆ ಯಾವ ದಾರಿಯಿಂದ ಬರುತ್ತದೆ, ನೀರು ಯಾವ ಮೆಟ್ಟಿಲವರೆಗೆ ಏರುತ್ತದೆ ಎಂಬುದನ್ನು ದಂಡೆಯ ಮನೆಯ ಮುದುಕಿ ಬಲ್ಲಳು. ಯಾವ ತಿಂಗಳಲ್ಲಿ ಚಿಂಕಾರ ಹೊಲಕ್ಕಿಳಿಯುತ್ತದೆ ಎಂಬುದನ್ನು ಕುರಿಗಾರ ಬಲ್ಲನು. ಪಶ್ಚಿಮ ಘಟ್ಟಗಳ ಬಗ್ಗೆ 2011ರಲ್ಲಿ ವರದಿ ಸಲ್ಲಿಸಿದ ಮಾಧವ ಗಾಡ್ಗೀಳರ ಸಮಿತಿಯು, ಸಂರಕ್ಷಣೆಯ ನಿರ್ಧಾರಗಳಲ್ಲಿ ಗ್ರಾಮಸಭೆಗಳ ಮಾತಿಗೆ ಬೆಲೆ ಇರಬೇಕೆಂದು ಹೇಳಿತು. ಗಾಡ್ಗೀಳರು ಪರಿಸರ ವಿಜ್ಞಾನದಲ್ಲಿ ಹೆಸರಾದವರು. ತಜ್ಞರೇ ಜನರನ್ನು ಕೇಳಿ ಎಂದಾಗ, ತಜ್ಞರ ಹೆಸರಿನಲ್ಲಿ ಜನರನ್ನು ದೂರವಿಡುವುದು ಸರಿಯಾಗದು.

ಒಂದು ಗೆರೆ ಏನು ಮಾಡಬಲ್ಲದೆಂಬುದು ಬಾಗಲಕೋಟೆಯವರಿಗೆ ತಿಳಿಯದ ಸಂಗತಿಯಲ್ಲ. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಜಲಾಶಯದ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬ ಗೆರೆಯು ಘಟಪ್ರಭೆಯ ದಂಡೆಯ ಹಳೆಯ ಊರಿನ ನಡುವೆ ಹಾಯಿತು. ಓಣಿಗಳು ಹಿನ್ನೀರಿಗೆ ಸಂದವು, ನವನಗರ ಎದ್ದಿತು. ಆ ನೀರು ಎಷ್ಟೋ ಹೊಲಗಳನ್ನು ತಣಿಸಿದೆ; ಅದನ್ನು ಅಲ್ಲಗಳೆಯಲಾಗದು. ಆದರೆ ಹಳೆಯ ಮನೆಯ ಹೊಸ್ತಿಲನ್ನು ನೆನೆದು ನಿಟ್ಟುಸಿರಿಡುವವರನ್ನು ನಾವೆಲ್ಲ ಕಂಡಿದ್ದೇವೆ. ಬಹುಜನರ ಹಿತಕ್ಕಾಗಿ ಕೆಲವರು ತ್ಯಾಗ ಮಾಡಬೇಕಾಗುವುದುಂಟು. ಕೇಳಿ ಪಡೆದ ತ್ಯಾಗಕ್ಕೆ ಗೌರವವಿದೆ. ಕೇಳದೆ ಕಿತ್ತುಕೊಂಡದ್ದು ಗಾಯವಾಗಿ ಉಳಿಯುತ್ತದೆ. ಐಹೊಳೆಯ ಜನರನ್ನು ಸ್ಥಳಾಂತರಿಸುವ ಮಾತು ಬಹುಕಾಲದಿಂದ ನಡೆದುಬಂದಿದೆ. ಅಲ್ಲಿಯೂ ಈ ಭೇದವನ್ನು ಮರೆಯಬಾರದು.

ಕೇಳುವ ಹೊಣೆ ಸರ್ಕಾರದ್ದಾದರೆ, ಹೇಳುವ ಹೊಣೆ ಪ್ರಜೆಗಳದು. ಹುನಗುಂದ, ಇಳಕಲ್ಲುಗಳ ಸುತ್ತಿನ ನೆಲದ ಕೆಂಪು ಗ್ರಾನೈಟ್ ಕಲ್ಲು ದೂರ ದೂರದ ಊರುಗಳಿಗೆ ಹೋಗುತ್ತದೆ. ದೊಡ್ಡ ಗಣಿಗೆ ಪರಿಸರ ಅನುಮತಿ ಕೊಡುವ ಮುನ್ನ, 2006ರ ಅಧಿಸೂಚನೆಯಂತೆ, ಸಾರ್ವಜನಿಕ ಆಲಿಕೆ ನಡೆಯಬೇಕಾಗುತ್ತದೆ. ಅದಕ್ಕೆ ಕನಿಷ್ಠ 30 ದಿನ ಮೊದಲೇ ಪ್ರಕಟಣೆ ಕೊಡಬೇಕು; ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು; ಕೊನೆಯಲ್ಲಿ ನಡಾವಳಿಯನ್ನು ಜನರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. ಆದರೆ ಅದೇ ಅಧಿಸೂಚನೆಯಲ್ಲಿ ಇನ್ನೊಂದು ಮಾತೂ ಇದೆ: ಇಂತಿಷ್ಟೇ ಜನ ಸೇರಬೇಕೆಂಬ ಕಟ್ಟಳೆ ಇಲ್ಲ. ಹತ್ತು ಜನ ಬಂದರೂ ಸಭೆ ನಡೆಯುತ್ತದೆ. ಅಂದು ಮನೆಯಲ್ಲಿ ಕುಳಿತವನು ಆಮೇಲೆ ಧೂಳಿನ ಬಗ್ಗೆ ಗೊಣಗಿದರೆ ಫಲವಿಲ್ಲ.

ಹೇಳುವುದಕ್ಕೂ ಒಂದು ಕ್ರಮವಿದೆ. “ನಿಯಮ ಬೇಡ” ಎಂದು ಬರೆದ ನೂರು ಅರ್ಜಿಗಳಿಗಿಂತ, “ನಮ್ಮ ಓಣಿಯ ಈ ಮನೆಗಳು ಇಷ್ಟು ಹಳೆಯವು, ದುರಸ್ತಿಯ ಅನುಮತಿ ತಾಲೂಕಿನಲ್ಲಿಯೇ ದೊರೆಯಲಿ, ಹೊಸ ಮನೆಗೆ ಗಾಂವಠಾಣದ ಆಚೆ ಈ ಜಾಗ ಕೊಡಿ” ಎಂದು ಬರೆದ ಒಂದು ಅರ್ಜಿಗೆ ಬಲ ಹೆಚ್ಚು. ಅಂತಹ ಅರ್ಜಿಯನ್ನು ಬದಿಗೆ ಸರಿಸಬೇಕಾದರೆ ಅಧಿಕಾರಿಯು ಕಾರಣವನ್ನು ಹುಡುಕಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಕರಡು ಕನ್ನಡದಲ್ಲಿ ಬರಲಿ. ಅದರ ನಕ್ಷೆಯನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಓಣಿಯ ಹೆಸರುಗಳ ಸಮೇತ, ತೂಗುಹಾಕಲಿ. ಊರಿನಲ್ಲಿ ಡಂಗುರ ಸಾರಲಿ. ಸುಗ್ಗಿಯ ದಿನ, ಸಂತೆಯ ದಿನಗಳನ್ನು ಬಿಟ್ಟು ಗ್ರಾಮಸಭೆ ಕೂಡಲಿ. ಹೆಂಗಸರೂ ಬಂದು ಮಾತನಾಡುವ ಹೊತ್ತಾಗಿರಲಿ. ಬಂದ ಪ್ರತಿಯೊಂದು ಸಲಹೆಯನ್ನು ಒಪ್ಪಿದ್ದೇಕೆ, ಬಿಟ್ಟದ್ದೇಕೆ ಎಂಬುದನ್ನು ಬರೆದು ತಿಳಿಸಲಿ. ಇದಕ್ಕೆ ಹೊಸ ಕಾಯಿದೆಗಿಂತ ಹಳೆಯ ಸೌಜನ್ಯವೇ ಹೆಚ್ಚು ಬೇಕಾಗುತ್ತದೆ.

ವಿದ್ಯಾರ್ಥಿಗಳಾದ ನಿಮಗೂ ಇಲ್ಲಿ ಪಾತ್ರವಿದೆ. ನಿಮ್ಮ ಮನೆಯಲ್ಲಿ ಪ್ರಕಟಣೆಯನ್ನು ಓದಿ ಅರ್ಥ ಹೇಳಬಲ್ಲವರು ಬಹುಶಃ ನೀವೇ. ಪಂಚಾಯಿತಿಯ ಫಲಕದ ಮೇಲೆ ಅಂತಹ ಕಾಗದ ಕಂಡರೆ ನಿಂತು ಓದಿರಿ. ಕೊನೆಯ ದಿನಾಂಕವನ್ನು ಗುರುತು ಹಾಕಿಕೊಳ್ಳಿರಿ. ಅಜ್ಜ ಅಜ್ಜಿಯರಿಗೆ ಓದಿ ಹೇಳಿ, ಅವರ ಮಾತನ್ನು ಬರೆದುಕೊಳ್ಳಿರಿ. ರವಿಕೀರ್ತಿ ಕಲ್ಲಿನ ಮೇಲೆ ಬರೆಯಿಸಿದ್ದು ಅರಸನ ಕೀರ್ತಿಯನ್ನು. ಊರವರ ಮಾತನ್ನು ಕಲ್ಲಿನ ಮೇಲೆ ಬರೆದವರು ಕಡಮೆ; ಅದನ್ನು ಒಂದು ಹಾಳೆಯ ಮೇಲಾದರೂ ಬರೆದು, ಗೆರೆ ಎಳೆಯುವ ಮುನ್ನ ಎಳೆಯುವವರ ಕೈಗೆ ಮುಟ್ಟಿಸುವ ಕೆಲಸ ನಮ್ಮ ಕಾಲದ್ದು.