ಚೊಗರಿನ ಬಣ್ಣ

ಒಂದು ನಾಡಿನ ಹವೆ, ಬೆಳೆ, ಕಸಬು, ಅಭಿರುಚಿ ಇವೆಲ್ಲವೂ ಆ ನಾಡಿನ ಉಡುಪಿನಲ್ಲಿ ಅಡಗಿರುತ್ತವೆ. ಆದ್ದರಿಂದಲೇ ಹೊಸ ಉಡುಪುಗಳನ್ನು ರೂಪಿಸುವವರು ಮತ್ತೆ ಮತ್ತೆ ಹಳೆಯ ಉಡುಪುಗಳ ಕಡೆಗೆ ತಿರುಗುತ್ತಾರೆ. ಹಾಗೆ ತಿರುಗುವುದು ತಪ್ಪಲ್ಲ. ಆದರೆ ಹಳೆಯದರಿಂದ ಸ್ವೀಕರಿಸಬೇಕಾದದ್ದು ಯಾವುದು ಎಂಬುದು ವಿಚಾರಮಾಡತಕ್ಕ ಪ್ರಶ್ನೆ.

ಈ ಪ್ರಶ್ನೆಗೆ ಚೀನಾ ದೇಶವು ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. ಆ ದೇಶದ ಬಟ್ಟೆ ಭಾರತಕ್ಕೆ ಹೊಸದೇನಲ್ಲ. ಕಾಳಿದಾಸನ ಕಾಲಕ್ಕೇ ರೇಷ್ಮೆಗೆ ‘ಚೀನಾಂಶುಕ’ವೆಂಬ ಹೆಸರಿತ್ತು. ಇಂದು ಅಂಗಡಿಗಳಲ್ಲಿ ‘ಚೀನೀ ಮಾದರಿ’ ಎಂದು ಮಾರಾಟವಾಗುವ ಎಷ್ಟೋ ಉಡುಪುಗಳಲ್ಲಿ ನೆಟ್ಟಗೆ ನಿಂತ ಕೊರಳಪಟ್ಟಿ, ದಾರದ ಗಂಟಿನ ಗುಂಡಿ, ಡ್ರ್ಯಾಗನ್ ಚಿತ್ರ ಇವಿಷ್ಟೇ ಇರುತ್ತವೆ. ಇದು ಹೊರರೂಪದ ಅನುಕರಣೆ.

ಅದೇ ದೇಶದ ಗುವಾಂಗ್‌ಡಾಂಗ್ ಪ್ರಾಂತದ ಷುಂಡೆ ಪ್ರದೇಶದಲ್ಲಿ ‘ಷಿಯಾಂಗ್‌ಯುನ್‌ಷಾ’ ಎಂಬ ರೇಷ್ಮೆ ಬಟ್ಟೆ ತಯಾರಾಗುತ್ತದೆ. ಕಾಡುಗೆಣಸಿನ ಜಾತಿಯ ಒಂದು ಗೆಡ್ಡೆಯ ರಸದಲ್ಲಿ ರೇಷ್ಮೆಯನ್ನು ನೆನೆಸಿ, ಬಿಸಿಲಿನಲ್ಲಿ ಒಣಗಿಸಿ, ಈ ಕೆಲಸವನ್ನು ಅನೇಕ ಬಾರಿ ಮಾಡುತ್ತಾರೆ. ಅನಂತರ ಅದರ ಒಂದು ಮಗ್ಗುಲಿಗೆ ನದಿಯ ಕೆಸರನ್ನು ಬಳಿಯುತ್ತಾರೆ. ಕೆಸರಿನ ಕಬ್ಬಿಣದ ಅಂಶವು ಗೆಡ್ಡೆಯ ಒಗರಿನೊಡನೆ ಕೂಡಿ ಆ ಮಗ್ಗುಲು ಹೊಳೆಯುವ ಕಪ್ಪಾಗುತ್ತದೆ. ಇನ್ನೊಂದು ಮಗ್ಗುಲು ಕಂದಾಗಿಯೇ ಉಳಿಯುತ್ತದೆ. ಸೆಕೆಯ ನಾಡಿಗೆ ಹೇಳಿಮಾಡಿಸಿದ ಬಟ್ಟೆಯಿದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಈ ಕಸಬು ಕ್ಷೀಣಿಸಿತ್ತು. ಲಿಯಾಂಗ್ ಝಿ ಮೊದಲಾದ ವಿನ್ಯಾಸಕಾರರು ಇಂದಿನ ಉಡುಪುಗಳಿಗೆ ಈ ಬಟ್ಟೆಯನ್ನು ಬಳಸತೊಡಗಿದ ಮೇಲೆ ಅದಕ್ಕೆ ಮರುಜೀವ ಬಂದಿತು. 2008ರಲ್ಲಿ ಚೀನಾ ಸರ್ಕಾರವು ಈ ಕೌಶಲವನ್ನು ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಹೊಸ ಉಡುಪು ಹಳೆಯದರ ಚಿತ್ರವನ್ನಲ್ಲ, ಕಸಬನ್ನೇ ಸ್ವೀಕರಿಸಿದೆ.

ಷುಂಡೆಯ ಗೆಡ್ಡೆಯಲ್ಲಿರುವ ಒಗರು ಮಲೆನಾಡಿನ ಅಡಿಕೆಯಲ್ಲಿಯೂ ಉಂಟು. ಅದಕ್ಕೆ ಕಾರಣವಾದ ವಸ್ತುವನ್ನು ವಿಜ್ಞಾನಿಗಳು ಟ್ಯಾನಿನ್ ಎನ್ನುತ್ತಾರೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಸುತ್ತಣ ಸೊರಬ, ಸಾಗರ ಸೀಮೆಯಲ್ಲಿ ಕೊಯ್ಲಿನ ಕಾಲ ಬಂದಿತೆಂದರೆ ಹಸಿ ಅಡಿಕೆಯನ್ನು ಸುಲಿದು ಹಂಡೆಗಳಲ್ಲಿ ಬೇಯಿಸುತ್ತಾರೆ. ಬೇಯಿಸಿದ ನೀರು ಗಾಢವಾದ ಕೆಂಪು ಬಣ್ಣಕ್ಕೆ ತಿರುಗುತ್ತದೆ; ಅದೇ ಚೊಗರು. ಬಟ್ಟೆಗೆ ತಗುಲಿದ ಚೊಗರು ಎಷ್ಟು ಒಗೆದರೂ ಹೋಗದು.

ಕಲೆಯೆನಿಸಿದ ಈ ಚೊಗರನ್ನು ಬಣ್ಣವಾಗಿಸಿದ ಸಂಸ್ಥೆಯೊಂದು ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿದೆ. ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಹುಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘವೇ ಅದು. ಹಳ್ಳಿಯ ಹೆಣ್ಣುಮಕ್ಕಳು ಇಲ್ಲಿ ಚೊಗರು, ದಾಳಿಂಬೆಯ ಸಿಪ್ಪೆ ಮೊದಲಾದವುಗಳಿಂದ ನೂಲಿಗೆ ಬಣ್ಣ ಕಟ್ಟಿ, ಕೈಮಗ್ಗದಲ್ಲಿ ನೇಯ್ದು, ಇಂದಿನವರು ತೊಡುವ ಜುಬ್ಬ, ಅಂಗಿಗಳನ್ನು ಸಿದ್ಧಪಡಿಸುತ್ತ ಬಂದಿದ್ದಾರೆ. ಉಡುಪಿನ ಆಕಾರ ಹೊಸದು. ಬಣ್ಣವೂ ನೇಯ್ಗೆಯೂ ನೆಲದವು.

ಇಂತಹ ಬಟ್ಟೆಗೆ ಬೆಲೆ ಹೆಚ್ಚು, ಒಂದರ ಬಣ್ಣ ಇನ್ನೊಂದರಂತಿರದು, ಯಂತ್ರದ ವೇಗ ಇದಕ್ಕಿಲ್ಲ ಎಂಬ ಆಕ್ಷೇಪಣೆಗಳಿವೆ. ಅವು ಸುಳ್ಳಲ್ಲ. ಕೋಟ್ಯಂತರ ಜನರಿಗೆ ಅಗ್ಗದ ಬಟ್ಟೆಯನ್ನು ಒದಗಿಸಿದ ಯಂತ್ರದ ಉಪಕಾರ ದೊಡ್ಡದು. ಆದರೆ ಯಂತ್ರವು ಕೈಕಸಬಿನ ಹೆಸರನ್ನೂ ರೂಪವನ್ನೂ ಎರವಲು ಪಡೆದಾಗ ಅನ್ಯಾಯವಾಗುತ್ತದೆ. ಧಾರವಾಡದ ಕಸೂತಿಯಲ್ಲಿ ‘ಗವಂತಿ’ ಎಂಬ ಹೊಲಿಗೆಯುಂಟು. ಎಳೆಗಳನ್ನು ಎಣಿಸಿ, ಗಂಟಿಲ್ಲದಂತೆ ಹಾಕುವ ಈ ಹೊಲಿಗೆ ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದೇ ಬಗೆಯಾಗಿ ಕಾಣುತ್ತದೆ. ಅದೇ ಗೋಪುರವನ್ನು, ತೇರನ್ನು ಯಂತ್ರದಿಂದ ಅಚ್ಚೊತ್ತಿದ ಬಟ್ಟೆಯನ್ನು ತಿರುವಿ ನೋಡಿದರೆ ಸಾಕು, ವ್ಯತ್ಯಾಸ ತಿಳಿದುಬಿಡುತ್ತದೆ. ಅಚ್ಚಿನ ಬಟ್ಟೆಯನ್ನು ಕಸೂತಿಯೆಂದು ಮಾರಿದರೆ ಕೊಳ್ಳುವವರು ಮೋಸಹೋಗುತ್ತಾರೆ, ಹೊಲಿಯುವವರು ಕೂಲಿ ಕಳೆದುಕೊಳ್ಳುತ್ತಾರೆ. ಕೂಲಿ ಹೋದ ಮನೆಯಲ್ಲಿ ಮಗಳು ತಾಯಿಯಿಂದ ಆ ಕೆಲಸವನ್ನು ಕಲಿಯುವುದಿಲ್ಲ. ಒಂದು ತಲೆಮಾರು ಕಲಿಯದಿದ್ದರೆ ವಿದ್ಯೆಯೇ ಅಳಿಯುತ್ತದೆ.

ಆದ್ದರಿಂದ ಪರಂಪರೆಯಿಂದ ಸ್ಫೂರ್ತಿ ಪಡೆಯುವ ವಿನ್ಯಾಸಕಾರನು ಮೊದಲು ಬಣ್ಣ ಕಟ್ಟುವವರ, ನೇಯುವವರ ಬಳಿ ಕುಳಿತು ಕಲಿಯಬೇಕು. ಅವರ ಹೆಸರನ್ನು ಹೇಳಬೇಕು. ಅವರಿಗೆ ತಕ್ಕ ಪ್ರತಿಫಲವನ್ನು ಸಲ್ಲಿಸಬೇಕು. 1957ರಲ್ಲಿ ಗುರುತಿಸಲಾದ ಕಾಡಿನ ಕಾಯಿಲೆಯೊಂದರಿಂದ ಕ್ಯಾಸನೂರಿನ ಹೆಸರು ಜಗತ್ತಿಗೆಲ್ಲ ತಿಳಿಯಿತು. ಆ ಸೀಮೆಯ ಹಂಡೆಗಳಲ್ಲಿ ಕುದಿಯುವ ಬಣ್ಣವೂ ಜಗತ್ತಿಗೆ ತಿಳಿಯಲು ಅರ್ಹವಾದುದು. ಅದನ್ನು ಕಲೆಯೆಂದು ಕಾಣಬೇಕೋ ಸಂಪತ್ತೆಂದು ಕಾಣಬೇಕೋ ಎಂಬುದನ್ನು ಅಲ್ಲಿ ಬೆಳೆಯುತ್ತಿರುವ ಮಕ್ಕಳೇ ನಿರ್ಧರಿಸಬೇಕಾಗಿದೆ.