ಚೀಟಿ ಕೇಳುವುದು ನದಿಯ ಹಕ್ಕು: ‘ಒಂದೇ ಪರವಾನಗಿ’ ವಾದಕ್ಕೆ ಉತ್ತರ

ಯುರೋಪಿಗೆ ಪ್ರವಾಸ ಹೋಗಿ ಗಾಳ ಹಾಕಿ ಬಂದವರ ಬಾಯಲ್ಲಿ ಆಗಾಗ ಕೇಳಿಬರುವ ದೂರೊಂದಿದೆ. ಷೆಂಗೆನ್ ವೀಸಾ ಒಂದೇ, ಹಲವು ದೇಶಗಳಿಗೆ ನಾಣ್ಯವೂ ಒಂದೇ. ಮೀನು ಹಿಡಿಯಲು ಮಾತ್ರ ದೇಶಕ್ಕೊಂದು, ಪ್ರಾಂತ್ಯಕ್ಕೊಂದು, ಕೊನೆಗೆ ಕೆರೆಗೊಂದು ಚೀಟಿ ಏಕೆ? ಇಡೀ ಖಂಡಕ್ಕೆ ಒಂದೇ ಪರವಾನಗಿ ಇರಲಿ, ಉಳಿದದ್ದೆಲ್ಲ ಪ್ರವಾಸಿಯ ಸುಲಿಗೆ ಎನ್ನುತ್ತಾರೆ. ಹೀಗೆ ಹೇಳುವವರು ಮೀನಿನ ಶತ್ರುಗಳಲ್ಲ, ಹೆಚ್ಚಿನವರು ವರ್ಷಗಟ್ಟಲೆ ನದಿ ದಡದಲ್ಲಿ ಕೂತು ಪಳಗಿದವರು. ಆದ್ದರಿಂದಲೇ ಅವರ ಮಾತು ಹೊಸಬರ ಮೇಲೆ ಪರಿಣಾಮ ಮಾಡುತ್ತದೆ, ಆದ್ದರಿಂದಲೇ ಉತ್ತರವೂ ಬೇಕಾಗಿದೆ. ಅವರ ಒಂದೊಂದು ವಾದವನ್ನೂ ಅವರು ಹೇಳಿದಂತೆಯೇ ಮುಂದಿಡುತ್ತೇನೆ. ತೀರ್ಪು ಓದುಗರದು.

ಮೊದಲ ವಾದ: ಒಂದು ದೇಶದ ಡ್ರೈವಿಂಗ್ ಲೈಸೆನ್ಸ್ ಇನ್ನೊಂದು ದೇಶದಲ್ಲಿ ನಡೆಯುತ್ತದೆ, ಮೀನಿನ ಲೈಸೆನ್ಸ್ ಏಕೆ ನಡೆಯಬಾರದು? ನಡೆಯದು, ಏಕೆಂದರೆ ಇವೆರಡೂ ಒಂದೇ ಜಾತಿಯ ಕಾಗದವಲ್ಲ. ಡ್ರೈವಿಂಗ್ ಲೈಸೆನ್ಸ್ ಒಬ್ಬನ ಕೌಶಲಕ್ಕೆ ಸಾಕ್ಷಿ ಹೇಳುತ್ತದೆ. ರಸ್ತೆಯಿಂದ ಏನನ್ನಾದರೂ ಕಿತ್ತುಕೊಂಡು ಹೋಗುವ ಅಧಿಕಾರ ಕೊಡುವುದಿಲ್ಲ. ಯುರೋಪಿನ ಸಿಹಿನೀರಿನಲ್ಲಿ ಮೀನು ಹಿಡಿಯುವ ಹಕ್ಕಿಗೆ ಒಡೆಯರಿದ್ದಾರೆ. ಒಂದು ಕಡೆ ದಡದ ಜಮೀನುದಾರ, ಇನ್ನೊಂದು ಕಡೆ ಊರಿನ ಗಾಳದವರ ಸಂಘ, ಮತ್ತೊಂದು ಕಡೆ ಸರ್ಕಾರ. ಅದಕ್ಕೇ ಜರ್ಮನಿಯಲ್ಲಿ ಎರಡು ಕಾಗದ ಬೇಕು. ಇವನು ಗಾಳ ಹಾಕಲು ಅರ್ಹ ಎನ್ನುವ ‘ಫಿಶರೈಶೈನ್’ ಒಂದು, ಈ ನೀರಿನಲ್ಲಿ ಹಾಕಬಹುದು ಎನ್ನುವ ‘ಎರ್ಲೌಬ್ನಿಸ್‌ಶೈನ್’ ಇನ್ನೊಂದು. ತೆಂಗಿನಮರ ಹತ್ತಲು ಬರುತ್ತದೆ ಎಂದ ಮಾತ್ರಕ್ಕೆ ಊರವರ ತೋಟದ ಕಾಯೆಲ್ಲ ನಮ್ಮದಾಗುವುದಿಲ್ಲ. ಎದುರಾಳಿಗಳು ಮೊದಲ ಕಾಗದದ ಬಗ್ಗೆ ವಾದ ಹೂಡಿ, ಎರಡನೆಯದನ್ನೂ ಅದರ ಜೊತೆಗೇ ತೆಗೆದುಹಾಕಲು ನೋಡುತ್ತಾರೆ. ಎರಡರ ನಡುವಿನ ವ್ಯತ್ಯಾಸವನ್ನು ಅವರು ಎಲ್ಲಿಯೂ ಎತ್ತುವುದೇ ಇಲ್ಲ.

ಯುರೋಪಿಯನ್ ಒಕ್ಕೂಟ ಮನಸ್ಸು ಮಾಡಿದರೆ ಇದನ್ನು ಒಂದೇ ದಿನದಲ್ಲಿ ಸರಿಪಡಿಸಬಹುದು ಎಂಬುದು ಮುಂದಿನ ಮಾತು. ನಾರ್ವೆ, ಸ್ವಿಟ್ಜರ್‌ಲೆಂಡ್, ಐಸ್‌ಲೆಂಡ್ ಆ ಒಕ್ಕೂಟದಲ್ಲೇ ಇಲ್ಲ, ಬ್ರಿಟನ್ ಹೊರಬಂದಿದೆ. ಅಂದರೆ ಹವ್ಯಾಸಿಗಳು ಕನಸು ಕಾಣುವ ಸಾಲ್ಮನ್ ನದಿಗಳಲ್ಲಿ ಬಹಳಷ್ಟು ಅದರ ಕೈಗೇ ಸಿಗುವುದಿಲ್ಲ. ಒಕ್ಕೂಟದೊಳಗೂ ಅದರ ಮೀನುಗಾರಿಕೆ ಅಧಿಕಾರ ಮುಖ್ಯವಾಗಿ ಸಮುದ್ರದ್ದು, ಒಳನಾಡಿನ ನೀರು ಆಯಾ ದೇಶದ್ದು. ಜರ್ಮನಿಯ 16 ರಾಜ್ಯಗಳಿಗೇ ಒಂದು ಸಮಾನ ಮೀನುಗಾರಿಕೆ ಕಾನೂನಿಲ್ಲ. ಒಂದೇ ರಾಜಮುಕುಟದ ಕೆಳಗಿನ ಇಂಗ್ಲೆಂಡಿನಲ್ಲಿ ಸರ್ಕಾರದ ರಾಡ್ ಲೈಸೆನ್ಸ್ ಬೇಕು. ಸ್ಕಾಟ್ಲೆಂಡಿನಲ್ಲಿ ಆ ಲೈಸೆನ್ಸೇ ಇಲ್ಲ, ಆದರೆ ಹಕ್ಕುದಾರನ ಅನುಮತಿ ಬೇಕು. ಎದುರಾಳಿಗಳ ಕೈಯಲ್ಲಿರುವ ಬಲವಾದ ಸಾಕ್ಷಿ ಸ್ಪೇನಿನದು. ಅಲ್ಲಿ ಹಲವು ಸ್ವಾಯತ್ತ ಪ್ರಾಂತ್ಯಗಳು ಸೇರಿ ಪರಸ್ಪರ ಒಪ್ಪುವ ಜಂಟಿ ಲೈಸೆನ್ಸ್ ತಂದಿವೆ. ಒಳ್ಳೆಯ ಕೆಲಸ, ಬೇರೆಯವರೂ ಕಲಿಯಲಿ. ಆದರೆ ಆ ಜಂಟಿ ಲೈಸೆನ್ಸ್ ಜೇಬಿನಲ್ಲಿದ್ದರೂ ‘ಕೋಟೊ’ ಎಂದು ಕಾಯ್ದಿರಿಸಿದ ನದಿಭಾಗಕ್ಕೆ ಇಳಿಯಲು ಬೇರೆ ಚೀಟಿ ಬೇಕು. ಅವರ ಸಾಕ್ಷಿ ನನ್ನ ಪರವಾಗಿಯೇ ಹೇಳಿಕೆ ಕೊಡುತ್ತಿದೆ.

ಇನ್ನು ಸುಲಿಗೆಯ ಆರೋಪ. ಸುಲಿಗೆ ಎಂದರೆ ಹೊರಗಿನವನಿಂದ ಹೆಚ್ಚು ಕಿತ್ತುಕೊಳ್ಳಬೇಕು. ಇಂಗ್ಲೆಂಡಿನ ರಾಡ್ ಲೈಸೆನ್ಸಿಗೆ ಲಂಡನ್ನಿನವನು ಕೊಡುವಷ್ಟನ್ನೇ ಬೆಂಗಳೂರಿನವನೂ ಕೊಡುತ್ತಾನೆ. ಒಂದು ದಿನಕ್ಕೆ, ಎಂಟು ದಿನಕ್ಕೆ, ವರ್ಷಕ್ಕೆ ಎಂದು ಬೇರೆಬೇರೆ ಉಂಟು. 13 ವರ್ಷದೊಳಗಿನ ಮಕ್ಕಳಿಗೆ ಅದು ಬೇಕಾಗಿಯೇ ಇಲ್ಲ, 13ರಿಂದ 16ರವರಿಗೆ ಉಚಿತ. ಡೆನ್ಮಾರ್ಕಿನ ‘ಫಿಸ್ಕೆತೆಗ್ನ್’ ಕೂಡ ದಿನ, ವಾರ, ವರ್ಷದ ಲೆಕ್ಕದಲ್ಲಿ ಸಿಗುತ್ತದೆ. 18ರ ಕೆಳಗಿನವರಿಗೆ ಬೇಡ. ಅದರ ಹಣ ಮರಿ ಬಿಡುವುದಕ್ಕೆ, ಮೀನಿನ ನೆಲೆ ಸುಧಾರಿಸುವುದಕ್ಕೆ, ಸಂಶೋಧನೆಗೆ ಹೋಗುತ್ತದೆ. ವಿಮಾನ, ಹೋಟೆಲ್, ದೋಣಿ, ಗೈಡ್ ಎಂದು ಲೆಕ್ಕವಿಲ್ಲದೆ ಸುರಿದವರಿಗೆ ಮೀನಿಗಾಗಿಯೇ ಹೋಗುವ ಈ ಒಂದು ಚಿಕ್ಕ ಮೊತ್ತ ಮಾತ್ರ ಸುಲಿಗೆಯಾಗಿ ಕಂಡದ್ದು ವಿಚಿತ್ರ.

‘ನಾನು ಹಿಡಿದು ಬಿಡುವವನು. ಮೀನನ್ನು ಒಯ್ಯುವುದಿಲ್ಲ. ಒಂದು ರಾಡಿನಿಂದ ನದಿಗೇನು ನಷ್ಟ?’ ಎಲ್ಲಕ್ಕಿಂತ ಹೆಚ್ಚು ಹರಡಿರುವ ಮಾತು ಇದೇ, ಹೆಚ್ಚು ಅಪಾಯದ್ದೂ ಇದೇ. ಇದನ್ನು ನಿಂತು ನೋಡಬೇಕು. ಹಿಡಿದು ಬಿಡುವುದು ಎಲ್ಲ ಕಡೆಯೂ ಪುಣ್ಯದ ಕೆಲಸ ಎಂದು ಇವರು ನಂಬಿದ್ದಾರೆ. ಸ್ವಿಟ್ಜರ್‌ಲೆಂಡಿನಲ್ಲಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದು ಪ್ರಾಣಿರಕ್ಷಣಾ ನಿಯಮಕ್ಕೆ ವಿರುದ್ಧ. ಜರ್ಮನಿಯ ಪ್ರಾಣಿರಕ್ಷಣಾ ಕಾನೂನಿನಂತೆ ತಕ್ಕ ಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡುವಂತಿಲ್ಲ. ಫೋಟೋಗಾಗಿ ದೊಡ್ಡ ಮೀನನ್ನು ಎಳೆದು ಬಿಡುವುದು ಅಲ್ಲಿ ಮೊಕದ್ದಮೆಗೆ ದಾರಿಯಾಗಬಹುದು. ಆ ಕಾನೂನು ಸರಿಯೇ ಎಂಬುದು ಬೇರೆ ಚರ್ಚೆ. ಆದರೆ ‘ಬಿಡುತ್ತೇನೆ, ಹಾಗಾಗಿ ನನಗೆ ನಿಯಮ ಬೇಡ’ ಎಂಬ ವಾದ ಆ ನೆಲದಲ್ಲಿ ರಕ್ಷಣೆಯಲ್ಲ, ತಪ್ಪೊಪ್ಪಿಗೆ. ಇನ್ನು ನದಿಗೆ ಆಗುವ ನಷ್ಟ ಮೀನನ್ನು ಒಯ್ಯುವುದರಿಂದ ಮಾತ್ರ ಆಗುತ್ತದೆಯೇ? 1970ರ ದಶಕದಲ್ಲಿ ಬಾಲ್ಟಿಕ್ ಕಡೆಯ ಮರಿಗಳ ಜೊತೆ ನಾರ್ವೆಗೆ ಬಂದ ‘ಗೈರೋಡ್ಯಾಕ್ಟಿಲಸ್ ಸಲಾರಿಸ್’ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಪರೋಪಜೀವಿ ಸುಮಾರು 50 ನದಿಗಳ ಸಾಲ್ಮನ್ ಮರಿಗಳನ್ನು ಮುತ್ತಿತು. ಅದನ್ನು ನಿರ್ಮೂಲ ಮಾಡಲು ನದಿಗೇ ರೋಟಿನೋನ್ ವಿಷ ಹಾಕಿ ಇದ್ದ ಮೀನನ್ನೆಲ್ಲ ಕೊಲ್ಲಬೇಕಾಯಿತು. ಒದ್ದೆ ಬೂಟು, ಒದ್ದೆ ಬಲೆ, ಒದ್ದೆ ದಾರ ಸಾಕು, ಅದು ಒಂದು ನದಿಯಿಂದ ಇನ್ನೊಂದಕ್ಕೆ ದಾಟುತ್ತದೆ. ನಾರ್ವೆಯ ಸಾಲ್ಮನ್ ನದಿಗಳಲ್ಲಿ ಸಲಕರಣೆಯನ್ನು ಸೋಂಕುರಹಿತ ಮಾಡಿಸಿ ಚೀಟಿ ತೋರಿಸು ಎನ್ನುವುದು ಇದಕ್ಕೇ. ಈ ಅಪಾಯ ಅತಿ ಹೆಚ್ಚು ಯಾರಿಂದ? ಈ ವಾರ ಒಂದು ದೇಶ, ಮುಂದಿನ ವಾರ ಇನ್ನೊಂದು ದೇಶ ಎಂದು ಸುತ್ತುವ ಪ್ರವಾಸಿಯಿಂದ. ಅಂದರೆ ವಿನಾಯಿತಿ ಕೇಳುತ್ತಿರುವವನಿಂದಲೇ.

ಒಬ್ಬನಿಂದ ಏನಾಗುತ್ತದೆ ಎಂಬ ಪ್ರಶ್ನೆಗೆ ಸ್ಪೇನಿನ ಎಬ್ರೋ ನದಿಯಲ್ಲಿ ಉತ್ತರವಿದೆ. 1974ರಲ್ಲಿ ಜರ್ಮನಿಯಿಂದ ಬಂದವನೊಬ್ಬ ಅಲ್ಲಿ ವೆಲ್ಸ್ ಎಂಬ ದೈತ್ಯ ಮೀಸೆಮೀನಿನ ಮರಿಗಳನ್ನು ಬಿಟ್ಟ. ಇಂದು ಅದು ಎರಡು ಮೀಟರು ಮೀರಿ ಬೆಳೆದು ಆ ನೀರನ್ನು ಆಳುತ್ತಿದೆ, ಅಲ್ಲಿಯ ಮೂಲ ಮೀನುಗಳಿಗೆ ಕುತ್ತಾಗಿದೆ. ಇಂಥ ಕಥೆ ನಮಗೂ ಗೊತ್ತು. 1970ರ ದಶಕದಿಂದ ಸದುದ್ದೇಶದಿಂದಲೇ ಕಾವೇರಿಗೆ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬಿಡಲಾಯಿತು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕ್ರಮೇಣ ಕಾಣೆಯಾಗುತ್ತ ಬಂದು, 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಒಂದು ಏರುತ್ತ ಇನ್ನೊಂದು ಇಳಿಯುತ್ತ ಹೋದದ್ದು ವಿಜ್ಞಾನಿಗಳಿಗೆ ತಿಳಿದದ್ದು ಕಾವೇರಿ ದಡದ ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಗಾಳದವರ ದಾಖಲೆಯಿಂದ. ಹಿಡಿದದ್ದನ್ನು ಬರೆದು ಒಪ್ಪಿಸು ಎಂಬ ನಿಯಮವನ್ನು ಕಾಟ ಎನ್ನುವವರು ಆ ದಾಖಲೆ ಇಲ್ಲದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲಿ.

ಜರ್ಮನಿಯ ಪರೀಕ್ಷೆ ವಿದೇಶಿಯರನ್ನು ಹೊರಗಿಡಲು ಮಾಡಿದ ಗೋಡೆ ಎಂಬುದು ಇನ್ನೊಂದು ಆರೋಪ. ಬವೇರಿಯಾದಲ್ಲಿ 60 ಪ್ರಶ್ನೆ, ತೇರ್ಗಡೆಗೆ ಕನಿಷ್ಠ 45 ಸರಿಯುತ್ತರ, ಅದಕ್ಕೂ ಮುಂಚೆ ಕಡ್ಡಾಯ ತರಗತಿ, ಹಗುರವಲ್ಲ, ನಿಜ. ಆದರೆ ಇದನ್ನು ಬರೆಯಬೇಕಾದವರು ಅಲ್ಲಿ ನೆಲೆಸಿರುವವರು. ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಕನ್ನಡಿಗ ಬರೆಯಬೇಕು, ಅವನ ಪಕ್ಕದ ಮನೆಯ ಜರ್ಮನ್ನನೂ ಬರೆಯಬೇಕು. ರಜೆಗೆ ಹೋದ ವಿದೇಶಿಗೆ ಅದೇ ಬವೇರಿಯಾ ಪರೀಕ್ಷೆ ಇಲ್ಲದೆ ಅಲ್ಪಾವಧಿಯ ಚೀಟಿ ಕೊಡುತ್ತದೆ. ಮೆಕ್ಲೆನ್‌ಬುರ್ಗ್-ಫೋರ್‌ಪೊಮ್ಮೆರ್ನ್ ರಾಜ್ಯದಲ್ಲಿ ಪ್ರವಾಸಿಗೆಂದೇ 28 ದಿನಗಳ ಪರವಾನಗಿ ಇದೆ. ಬ್ರಾಂಡೆನ್‌ಬುರ್ಗ್‌ನಲ್ಲಿ ಬೇರೆ ಮೀನುಗಳನ್ನು ಬೇಟೆಯಾಡದ ಜಾತಿಗಳಿಗೆ ಪರೀಕ್ಷೆಯೇ ಬೇಡ, ಮೀನುಗಾರಿಕೆ ಸುಂಕ ಕಟ್ಟಿ ನೀರಿನ ಚೀಟಿ ಪಡೆದರಾಯಿತು. ಗೋಡೆ ಎಂದು ಕರೆದದ್ದರಲ್ಲಿ ಹೊರಗಿನವನಿಗಾಗಿಯೇ ಬಾಗಿಲು ಇಟ್ಟಿದ್ದಾರೆ. ನಿಯಮ ಓದದವನಿಗೆ ಅದು ಕಾಣಲಿಲ್ಲ, ಅಷ್ಟೇ.

‘ನಾರ್ವೆಯ ಸಮುದ್ರ ಎಲ್ಲರಿಗೂ ಮುಕ್ತ, ಐರ್ಲೆಂಡಿನಲ್ಲಿ ಪೈಕ್ ಮೀನಿಗೆ ಲೈಸೆನ್ಸೇ ಇಲ್ಲ. ಆ ದೇಶಗಳೇನು ಮುಳುಗಿಹೋಗಿವೆಯೇ?’ ಲೈಸೆನ್ಸ್ ಇಲ್ಲದಿರುವುದಕ್ಕೂ ನಿಯಮ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಈ ವಾದ ಜಾಣತನದಿಂದ ಅಳಿಸುತ್ತದೆ. ಐರ್ಲೆಂಡಿನಲ್ಲಿ ದಿನಕ್ಕೆ ಒಂದೇ ಪೈಕ್ ಇಟ್ಟುಕೊಳ್ಳಬಹುದು, ಅದೂ 50 ಸೆಂಟಿಮೀಟರ್ ಮೀರುವಂತಿಲ್ಲ. ಸಾಲ್ಮನ್ ಹಿಡಿದರೆ ಸರ್ಕಾರದ ಲೈಸೆನ್ಸ್, ಮೀನಿಗೆ ಕಟ್ಟುವ ಟ್ಯಾಗ್, ಲೆಕ್ಕದ ಪುಸ್ತಕ ಮೂರೂ ಬೇಕು. ನಾರ್ವೆಯ ಸಮುದ್ರದಲ್ಲಿ ವಿದೇಶಿಗೆ ಕೈಗಾಳ ಮಾತ್ರ, ಬಲೆ ಇಲ್ಲ, ಮಾರಾಟವಿಲ್ಲ. ಪ್ರವಾಸಿಗಳು ಫ್ರೀಜರ್ ತುಂಬಿಸಿ ಒಯ್ಯತೊಡಗಿದ್ದಕ್ಕೇ 2006ರಲ್ಲಿ ದೇಶದಿಂದ ಹೊರಗೊಯ್ಯುವ ಮೀನಿಗೆ 15 ಕಿಲೋ ಮಿತಿ ಬಂತು. ಮುಂದೆ, ಹೊರಗೊಯ್ಯುವುದರಲ್ಲಿ ಹೆಚ್ಚಿನ ಪಾಲನ್ನು, ಹಿಡಿದ ಮೀನಿನ ಲೆಕ್ಕ ಒಪ್ಪಿಸುವ ನೋಂದಾಯಿತ ತಂಗುದಾಣಗಳ ಅತಿಥಿಗಳಿಗೆ ಮೀಸಲಿಟ್ಟರು. ಸಾಲ್ಮನ್ ಸಂಖ್ಯೆ ಕುಸಿದಾಗ, 2024ರ ಜೂನ್‌ನಲ್ಲಿ, ಅದೇ ನಾರ್ವೆ 33 ನದಿಗಳನ್ನು ಋತುವಿನ ನಡುವೆಯೇ ಮುಚ್ಚಿತು. ದುಬಾರಿ ಚೀಟಿ ಕೊಂಡವರೂ ರಾಡ್ ಮಡಿಸಿದರು. ಮುಕ್ತ ದೇಶದ ಉದಾಹರಣೆ ಎಂದು ಇದನ್ನು ತಂದವರು ಪೂರ್ತಿ ಕಥೆ ಹೇಳಬೇಕಿತ್ತು.

‘ನಿಯಮ ತಿಳಿಯುವುದೇ ಕಷ್ಟ’ ಎಂದೂ, ಅದೇ ಉಸಿರಿನಲ್ಲಿ ‘ಹೇಗೂ ಯಾರೂ ಪರಿಶೀಲಿಸುವುದಿಲ್ಲ’ ಎಂದೂ ಹೇಳುತ್ತಾರೆ. ಇವೆರಡೂ ಒಟ್ಟಿಗೆ ಪ್ರಾಮಾಣಿಕವಾಗಿರಲಾರವು. ತಿಳಿಯದಿದ್ದವನಿಗೆ ಸಿಕ್ಕಿಬೀಳುವ ಸಾಧ್ಯತೆಯ ಲೆಕ್ಕ ಏಕೆ ಬೇಕು? ಇಂಗ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದೆ ಸಿಕ್ಕಿದರೆ ದಂಡ 2,500 ಪೌಂಡ್‌ವರೆಗೆ ಹೋಗಬಹುದು. ಅದೇ ಲೈಸೆನ್ಸನ್ನು ಮನೆಯಿಂದಲೇ ಮೊಬೈಲಿನಲ್ಲಿ ಕೊಳ್ಳಬಹುದು. ಆದರೂ ಈ ದೂರಿನಲ್ಲಿ ಒಂದು ತಿರುಳಿದೆ. ಎಷ್ಟೋ ಊರುಗಳಲ್ಲಿ ನೀರಿನ ಚೀಟಿ ಇಂದಿಗೂ ಒಂದೇ ಅಂಗಡಿಯಲ್ಲಿ, ಒಂದೇ ಭಾಷೆಯಲ್ಲಿ ಸಿಗುತ್ತದೆ. ಭಾನುವಾರ ಆ ಅಂಗಡಿಯ ಬಾಗಿಲು ಹಾಕಿರುತ್ತದೆ. ಎಲ್ಲ ದೇಶಗಳ ನಿಯಮ ಹಲವು ಭಾಷೆಗಳಲ್ಲಿ ಒಂದೇ ಕಡೆ ಸಿಗಲಿ ಎಂದು ಇವರು ಕೇಳಿದ್ದರೆ ನಾನೂ ಅವರ ಜೊತೆ ಸಹಿ ಹಾಕುತ್ತಿದ್ದೆ. ಸಮುದ್ರದ ಮಟ್ಟಿಗೆ ಒಕ್ಕೂಟವೇ ಹೆಜ್ಜೆ ಇಟ್ಟಿದೆ. 2026ರ ಜನವರಿ 10ರಿಂದ ಅದರ ಕಡಲಲ್ಲಿ ಗೊತ್ತುಪಡಿಸಿದ ಜಾತಿಗಳನ್ನು ಹಿಡಿಯುವ ಹವ್ಯಾಸಿಗಳು ನೋಂದಾಯಿಸಿಕೊಂಡು, ಹಿಡಿದದ್ದನ್ನು ವಿದ್ಯುನ್ಮಾನದಲ್ಲಿ ವರದಿ ಮಾಡಬೇಕು. ಒಕ್ಕೂಟ ಬಂದರೆ ಕಾಗದ ಕಡಿಮೆಯಾಗುತ್ತದೆ ಎಂದು ನಂಬಿದವರು ಇದನ್ನೂ ಗಮನಿಸಲಿ.

ಉಳಿದದ್ದು ಅವರ ಕೊನೆಯ ಆಸರೆ: ಅಣೆಕಟ್ಟು, ಕೊಳಚೆ, ಟ್ರಾಲರುಗಳು ಮಾಡುವ ಹಾನಿಯ ಮುಂದೆ ಗಾಳ ಯಾವ ಲೆಕ್ಕ? ಹಾನಿ ಅವುಗಳದೇ ಹೆಚ್ಚು, ಇದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಹಾನಿಯ ವಿರುದ್ಧ ನಿಂತವರು ಯಾರು? ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಪಿಕರಿಂಗ್ ಎಂಬ ಪುಟ್ಟ ಊರಿನ ಗಾಳದವರ ಸಂಘ, ಕೋಸ್ಟಾ ಬೆಕ್ ಎಂಬ ತನ್ನ ತೊರೆ ಮಲಿನವಾಗಿ ಮೀನು ಉಳಿಯದಾದಾಗ, ನದಿ ಸುಧಾರಣೆಯ ಯೋಜನೆಯನ್ನು ಹೆಸರಿಗಷ್ಟೇ ಮಾಡಿದ್ದೀರಿ ಎಂದು ಬ್ರಿಟನ್ ಸರ್ಕಾರವನ್ನೇ ಕೋರ್ಟಿಗೆಳೆಯಿತು. 2023ರಲ್ಲಿ ಹೈಕೋರ್ಟ್ ಸಂಘದ ಪರವಾಗಿ ತೀರ್ಪು ಕೊಟ್ಟಿತು. ಒಂದು ನೀರಿಗೆ ಹಕ್ಕುದಾರರಿದ್ದು, ಅದರ ಜವಾಬ್ದಾರಿ ಹೊತ್ತವರಿದ್ದುದರಿಂದ ಆ ಮೊಕದ್ದಮೆ ಸಾಧ್ಯವಾಯಿತು. ‘ಒಂದೇ ಪರವಾನಗಿ’ಯವರು ಕಿತ್ತುಹಾಕಲು ಹೊರಟಿರುವುದು ಇಂಥ ಸಂಘಗಳ ಚೀಟಿಯನ್ನೇ. ಅವರ ಬೇಡಿಕೆಯ ಪತ್ರ ನಿಮ್ಮ ಕೈಗೆ ಬಂದರೆ, ಸಹಿ ಹಾಕಬೇಡಿ.